ರಾತ್ರಿ ಹಾಸಿಗೆಯಿಂದ ಬಚ್ಚಲಿಗೆ: ಹಿರಿಯರು ಬೀಳದಂತೆ ಮನೆಯಲ್ಲಿ ಏನು ಮಾಡಬೇಕು? ಅಳತೆ ಸಮೇತ ಬರೆಯಿರಿ

ಹೊಸ್ತಿಲು
ಮನೆಯ ಹಿರಿಯರು ಬಿದ್ದಾಗಲೆಲ್ಲ "ವಯಸ್ಸಾಯ್ತಲ್ಲ, ಏನು ಮಾಡೋಕಾಗುತ್ತೆ" ಅನ್ನುವ ಮಾತು ಕೇಳಿಬರುತ್ತದೆ. ವಯಸ್ಸನ್ನು ಬದಲಿಸಲಾಗದು, ನಿಜ. ಹಾಸಿಗೆ ಮತ್ತು ಬಚ್ಚಲಿನ ನಡುವಿನ ಹತ್ತು ಹದಿನೈದು ಹೆಜ್ಜೆಯ ದಾರಿಯನ್ನು ಖಂಡಿತ ಬದಲಿಸಬಹುದು. 65 ದಾಟಿದವರಲ್ಲಿ ನೂರಕ್ಕೆ 28ರಿಂದ 35 ಮಂದಿ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಈ ಚರ್ಚೆಯ ಎಳೆಯಲ್ಲಿ ಆ ದಾರಿಯೊಂದನ್ನೇ ಹಿಡಿದು ಮಾತಾಡೋಣ. "ಜಾಗ್ರತೆ ವಹಿಸಿ" ಎಂಬ ಉಪದೇಶ ಬೇಡ. ಎಷ್ಟು ಇಂಚು, ಎಷ್ಟು ನಿಮಿಷ, ಯಾವ ಸ್ಕ್ರೂ ಅಂತ ಬರೆಯಿರಿ.

ನಾನು ಶುರು ಮಾಡುತ್ತೇನೆ. ರಾತ್ರಿ ದೀಪ ಆರಿಸಿ, ಹಿರಿಯರು ಮಲಗುವ ಮಂಚದ ಮೇಲೆ ನೀವೇ ಕೂತು ನೋಡಿ. ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿ ಸೊಂಟದ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು. ಕೂತವರು ಅವರಿಗಿಂತ ಎತ್ತರದವರಾದರೆ ಲೆಕ್ಕ ತಪ್ಪುತ್ತದೆ, ಕೊನೆಗೆ ಅವರನ್ನೇ ಕೂರಿಸಿ ನೋಡಿ. ಮಂಚ ತಗ್ಗಾದರೆ ಏಳುವಾಗ ಹಿಂದಕ್ಕೆ ಕುಸಿಯುತ್ತಾರೆ, ಎತ್ತರವಾದರೆ ಇಳಿಯುವಾಗ ಜಾರುತ್ತಾರೆ. ಸ್ವಿಚ್ ಮಲಗಿದಲ್ಲಿಂದಲೇ ಕೈಗೆಟುಕಬೇಕು. ಓಡಾಟ ಕಂಡರೆ ತಾನೇ ಹೊತ್ತಿಕೊಳ್ಳುವ ಸೆನ್ಸರ್ ದೀಪ ಹಾಕುವುದಾದರೆ ಪಾದದ ಮಟ್ಟದಲ್ಲಿ, ಗೋಡೆಯ ಕೆಳಭಾಗದಲ್ಲಿ ಹಾಕಿ. ಬೆಳಗಬೇಕಾದ್ದು ನೆಲ. ಕಣ್ಣಿಗೆ ನೇರವಾಗಿ ಹೊಡೆಯುವ ಬಿಳಿ ಬೆಳಕಿನಿಂದ ಅರೆನಿದ್ದೆಯ ಕಣ್ಣು ಕೋರೈಸುತ್ತದೆ.

ಬಚ್ಚಲ ಬಾಗಿಲ ಮುಂದಿನ ಕಾಲೊರೆಸು ದೊಡ್ಡ ಅಪಾಯ. ಹಳೆ ಸೀರೆ, ಗೋಣಿ ತಟ್ಟು ಮಡಿಸಿ ಹಾಕಿದ್ದರೆ ಇವತ್ತೇ ತೆಗೆಯಿರಿ. ಬೇಕೇ ಬೇಕಾದರೆ ಅಡಿಯಲ್ಲಿ ರಬ್ಬರ್ ಇರುವುದನ್ನು, ಅಂಚು ಮೇಲೇಳದಂಥದನ್ನು ಹಾಕಿ. ಇನ್ನು ಹೊಸ್ತಿಲು. ಅರಿಶಿನ ಬಳಿದು ಕೆಂಪು ಇಟ್ಟ ಹೊಸ್ತಿಲು ಮಬ್ಬಿನಲ್ಲೂ ಎದ್ದು ಕಾಣುತ್ತದೆ. ನೆಲದ ಬಣ್ಣದಲ್ಲೇ ಬೆರೆತುಹೋದ ಕಲ್ಲಿನ ಪಟ್ಟಿಯೇ ಎಡವಿಸುವುದು. ಅದಕ್ಕೆ ಎರಡು ಇಂಚು ಅಗಲದ ಹಳದಿ ಟೇಪ್ ಅಂಟಿಸಿ.

ಮಾತ್ರೆಚೀಟಿ
ದಾರಿ ಸರಿಪಡಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಮನೆಯ ಬಿಪಿ ಯಂತ್ರ ಸಾಕು. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಆಮೇಲೆ ಎದ್ದು ನಿಲ್ಲಿಸಿ, ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದು ನಿಂತಾಗ ಬಿಪಿ ಕುಸಿಯುವ ತೊಂದರೆ. ಕೂತು ನೋಡಿದಾಗ 130/80 ಇರುವವರಲ್ಲೂ ಇದು ಇರಬಹುದು, ಕ್ಲಿನಿಕ್ಕಿನಲ್ಲಿ ಕೂರಿಸಿಯೇ ನೋಡುವುದರಿಂದ ಸಿಕ್ಕಿಬೀಳುವುದಿಲ್ಲ. ನಿಂತಾಗ ಪಟ್ಟಿ ಕಟ್ಟಿದ ತೋಳನ್ನು ಎದೆಯ ಮಟ್ಟಕ್ಕೆ ಆಸರೆ ಕೊಟ್ಟು ಹಿಡಿಯಬೇಕು. ಕೈ ಕೆಳಗೆ ಜೋತರೆ ಅಂಕಿ ಸುಳ್ಳೇ ಹೆಚ್ಚು ತೋರಿಸಿ ತೊಂದರೆ ಮುಚ್ಚಿಹೋಗುತ್ತದೆ. ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ಇದಕ್ಕೆ ಮಾತ್ರೆಗಳ ಪಾಲು ದೊಡ್ಡದು. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಬಿಪಿಗೆ ಕೊಡುವ ಪ್ರಾಜೋಸಿನ್, ನೀರು ಹೋಗುವ ಮಾತ್ರೆ ಫ್ಯೂರೋಸೆಮೈಡ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇವೆಲ್ಲ ನಿಂತಾಗ ಬಿಪಿ ಇಳಿಸಬಲ್ಲವು. ನಿದ್ದೆಗೆಂದು ನುಂಗುವ ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಹೆಜ್ಜೆಯ ಹಿಡಿತ ಕೆಡಿಸುತ್ತವೆ. ನೆಗಡಿಗೆ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳಲ್ಲಿ ಎಷ್ಟೋ ಸಲ ಕ್ಲೋರ್‌ಫೆನಿರಮೈನ್ ಇರುತ್ತದೆ. ಅದೂ ಮಂಪರು ತರುತ್ತದೆ, ಗಂಡಸರಿಗೆ ಮೂತ್ರ ಕಟ್ಟುತ್ತದೆ. ಆಯುರ್ವೇದದ್ದು, ನೆಗಡಿಯದ್ದು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಚೀಟಿಯಲ್ಲಿ ಬರೆದದ್ದಕ್ಕೂ ನಿಜವಾಗಿ ನುಂಗುತ್ತಿರುವುದಕ್ಕೂ ವ್ಯತ್ಯಾಸ ಕಾಣುವುದು ಆಗಲೇ.

ಓದುಗ_ಮೈಸೂರು
ಹಾಗಾದರೆ ಎದ್ದಾಗ ತಲೆ ಸುತ್ತುವವರು ರಾತ್ರಿಯ ಬಿಪಿ ಮಾತ್ರೆ ಬಿಟ್ಟರೆ ಆಯಿತಲ್ಲವೇ ಸರ್?

ಮಾತ್ರೆಚೀಟಿ
ದಯವಿಟ್ಟು ಬೇಡ. ಕೆಲವು ಬಿಪಿ ಮಾತ್ರೆಗಳನ್ನು ದಿಢೀರನೆ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಮೇಲೆ ಹಾರುತ್ತದೆ. ನಿದ್ದೆ ಮಾತ್ರೆಯೂ ಹಾಗೆಯೇ, ವರ್ಷಗಟ್ಟಲೆ ತೆಗೆದುಕೊಂಡದ್ದನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಇಲ್ಲದಿದ್ದರೆ ನಡುಕ, ಗಾಬರಿ, ಕೆಲವೊಮ್ಮೆ ಫಿಟ್ಸ್ ಕೂಡ ಬರುತ್ತದೆ. ನೀವು ಮಾಡಬೇಕಾದ್ದು ಮಲಗಿ-ನಿಂತು ನೋಡಿದ ಅಂಕಿಗಳನ್ನು ಮೂರು ದಿನ ಬರೆದು ವೈದ್ಯರಿಗೆ ತೋರಿಸುವುದು. ಯಾವ ಮಾತ್ರೆ, ಯಾವ ಹೊತ್ತಿಗೆ, ಎಷ್ಟು ಎಂಬುದನ್ನು ಅವರು ಬದಲಿಸುತ್ತಾರೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುವವರು ನಡುರಾತ್ರಿ ಬೆವತು ನಡುಗುತ್ತಾ ಎದ್ದರೆ ಬಿಪಿಗಿಂತ ಮೊದಲು ಸಕ್ಕರೆ ನೋಡಿ. 70ಕ್ಕಿಂತ ಕೆಳಗಿದ್ದರೆ ಅವರನ್ನು ನಡೆಸಬೇಡಿ. ಕೂತಲ್ಲೇ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ನಡಿಗೆ_ಫಿಸಿಯೋ
ಮಾತ್ರೆ ವಿಷಯ ಸರಿಯಾಗಿ ಹೇಳಿದಿರಿ. ಈಗ ಏಳುವ ಕ್ರಮ. ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಮೊಣಕೈ ಊರಿ ಕೂರಬೇಕು. ಕೂತ ಮೇಲೆ ಪೂರ್ತಿ ಒಂದು ನಿಮಿಷ ಏಳಬಾರದು. ಆ ನಿಮಿಷದಲ್ಲಿ ಪಾದದ ಮುಂಭಾಗವನ್ನು 20 ಸಲ ಮೇಲೆ ಕೆಳಗೆ ಆಡಿಸಿ, ಮುಷ್ಟಿಯನ್ನು 10 ಸಲ ಬಿಗಿದು ಬಿಡಿ. ಮೀನಖಂಡ ಬಿಗಿದಾಗ ಕಾಲಲ್ಲಿ ನಿಂತ ರಕ್ತ ಮೇಲೆ ಬರುತ್ತದೆ. ಆಮೇಲೆ ಎದ್ದು, ಮಂಚದ ತಲೆಗಟ್ಟು ಹಿಡಿದು, ನಿಂತಲ್ಲೇ ಹತ್ತು ಎಣಿಸಿ ಹೆಜ್ಜೆ ಇಡಬೇಕು. ತಲೆ ಹಗುರಾದರೆ ಮತ್ತೆ ಕೂರಬೇಕು, ನಡೆದುಬಿಟ್ಟರೆ ಸರಿಹೋಗುತ್ತದೆ ಅನ್ನುವುದು ತಪ್ಪು.

ಎರಡನೆಯದು ಕಾಲಿನ ಬಲ. ಕೈ ಇಲ್ಲದ ಕುರ್ಚಿ, ಕೂರುವ ಜಾಗ 17 ಇಂಚು ಎತ್ತರ, ಬೆನ್ನು ಗೋಡೆಗೆ ತಾಗಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ನುಣುಪು ಟೈಲಿನ ಮೇಲೆ ಅದರ ಕಾಲುಗಳು ಅಗಲಿಸಿಕೊಳ್ಳುತ್ತವೆ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಹುದು ಎಣಿಸಿ. 70–74 ವಯಸ್ಸಿನ ಗಂಡಸರಿಗೆ 12ಕ್ಕಿಂತ, ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. 80–84ಕ್ಕೆ ಆ ಅಂಕಿ 10 ಮತ್ತು 9. ಕೈ ಊರದೆ ಏಳಲಾಗದಿದ್ದರೆ ಲೆಕ್ಕ ಸೊನ್ನೆ.

ಈ ಪರೀಕ್ಷೆಯೇ ವ್ಯಾಯಾಮವೂ ಹೌದು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು ಕೊಟ್ಟು, ಹತ್ತರಂತೆ ಎರಡು ಸುತ್ತು. ಜೊತೆಗೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ನಿಲ್ಲುವುದು ಹತ್ತು ಸೆಕೆಂಡು. ಮೊದಲು ಎರಡು ಕೈ ಹಿಡಿತ, ಆಮೇಲೆ ಒಂದು ಕೈ, ಆಮೇಲೆ ಎರಡು ಬೆರಳು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ರೂಪಿಸಿದ ಕ್ರಮ ಇದೇ ಜಾಡಿನದು. ಅದನ್ನು ಬಿಡದೆ ಮಾಡಿದವರಲ್ಲಿ ಬೀಳುವುದು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿದೆ.

ಓದುಗ_ಮೈಸೂರು
ದಿನಾ ಬೆಳಿಗ್ಗೆ 45 ನಿಮಿಷ ವಾಕಿಂಗ್ ಮಾಡುವವರಿಗೂ ಇದು ಬೇಕೇ?

ನಡಿಗೆ_ಫಿಸಿಯೋ
ಬೇಕು. ವಾಕಿಂಗ್ ಹೃದಯಕ್ಕೆ, ಸಕ್ಕರೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ವಾಕಿಂಗ್ ಒಂದರಿಂದಲೇ ಬೀಳುವುದು ಕಡಿಮೆಯಾಗುವುದಿಲ್ಲ. ನೇರ ದಾರಿಯಲ್ಲಿ ನಡೆಯುವಾಗ ತೊಡೆಯ ಸ್ನಾಯುಗಳಿಗೆ ಕುರ್ಚಿಯಿಂದೇಳುವಷ್ಟು ಕೆಲಸವಿಲ್ಲ, ಪಕ್ಕಕ್ಕೆ ವಾಲಿದಾಗ ಸಾವರಿಸಿಕೊಳ್ಳುವ ಅಭ್ಯಾಸವೂ ಆಗುವುದಿಲ್ಲ. ವಾಕಿಂಗ್ ಇರಲಿ, ಇದನ್ನು ಸೇರಿಸಿ.

ಗಾರೆಕರಣೆ
ಬಚ್ಚಲ ವಿಷಯಕ್ಕೆ ಬರೋಣ. ಟವೆಲ್ ರಾಡು ಹಿಡಿಕೆಯಲ್ಲ. ಅದು ಒದ್ದೆ ಬಟ್ಟೆ ತೂಕಕ್ಕೆ ಮಾಡಿದ್ದು, ಜಾರಿದ ಮನುಷ್ಯ ಹಿಡಿದರೆ ಕಿತ್ತು ಕೈಗೇ ಬರುತ್ತದೆ. ಹಿಡಿಕೆ ಅಂತಲೇ ಮಾರುವ 304 ದರ್ಜೆಯ ಸ್ಟೀಲಿನದು ತನ್ನಿ. ದಪ್ಪ 32ರಿಂದ 38 ಮಿ.ಮೀ., ಗೋಡೆಗೂ ಹಿಡಿಕೆಗೂ ಅಂತರ ಒಂದೂವರೆ ಇಂಚು. ಅಂತರ ಅದಕ್ಕಿಂತ ಹೆಚ್ಚಿದ್ದರೆ ಜಾರಿದಾಗ ಮುಂಗೈ ಒಳಗೆ ಸಿಕ್ಕಿ ಮುರಿಯುತ್ತದೆ. ಒರಟು ಮೈಯದ್ದಾದರೆ ಸೋಪಿನ ಕೈಗೂ ಹಿಡಿತ ಸಿಗುತ್ತದೆ.

ಎತ್ತರದ ಬಗ್ಗೆ ಒಂದು ಮಾತು. ಅಮೆರಿಕದ ನಿಯಮ ನೆಲದಿಂದ 33ರಿಂದ 36 ಇಂಚು ಅನ್ನುತ್ತದೆ. ನಮ್ಮ ಅಜ್ಜಿಯಂದಿರಲ್ಲಿ ಐದಡಿ ಒಳಗಿನವರೇ ಬಹಳ. ಅವರನ್ನು ಕಮೋಡಿನ ಮೇಲೆ ಕೂರಿಸಿ, ಏಳುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆ ನೋಡಿ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಕಮೋಡಿನ ಪಕ್ಕದ ಗೋಡೆಗೆ ಒಂದು ಅಡ್ಡಡ್ಡ, ಸ್ನಾನದ ಜಾಗಕ್ಕೆ ಕಾಲಿಡುವಲ್ಲಿ ಒಂದು ಉದ್ದುದ್ದ.

ಕೂರಿಸುವುದು ಹೀಗೆ. ಟೈಲು, ಅದರ ಹಿಂದಿನ ಗಾರೆ, ಪ್ಲಾಸ್ಟರ್ ಎಲ್ಲ ಸೇರಿ ಒಂದರಿಂದ ಒಂದೂವರೆ ಇಂಚು ಆಗುತ್ತದೆ. ಹಿಡಿಕೆಯ ಜೊತೆ ಡಬ್ಬದಲ್ಲಿ ಬರುವ ಗಿಡ್ಡ ಸ್ಕ್ರೂ ಇಟ್ಟಿಗೆಗೆ ತಾಗುವುದೇ ಇಲ್ಲ, ಪ್ಲಾಸ್ಟರಿನಲ್ಲೇ ನಿಂತಿರುತ್ತದೆ. ಮೊದಲ ಜಗ್ಗಾಟಕ್ಕೆ ಟೈಲಿನ ಸಮೇತ ಬರುವುದು ಇದೇ ಕಾರಣಕ್ಕೆ. ಕನಿಷ್ಠ ಮೂರು ಇಂಚಿನ ಸ್ಟೀಲ್ ಸ್ಕ್ರೂ, ಅದಕ್ಕೆ ಹೊಂದುವ ಉದ್ದದ ಪ್ಲಗ್ ಹಾಕಿಸಿ. ಟೈಲಿನ ಮೇಲೆ ಕಾಗದದ ಟೇಪ್ ಅಂಟಿಸಿ, ಡ್ರಿಲ್ಲಿಗೆ ಟೈಲ್ ಕೊರೆಯುವ ಮೊನೆ ಹಾಕಿ, ಅದರ ಸುತ್ತಿಗೆ ಹೊಡೆತ ಬಂದ್ ಮಾಡಿ ಕೊರೆಯಬೇಕು. ಟೈಲು ದಾಟಿದ ಮೇಲಷ್ಟೇ ಗಾರೆ ಕೊರೆಯುವ ಮೊನೆ ಹಾಕಿ ಹೊಡೆತ ಶುರು. ನಲ್ಲಿಯ ನೇರ ಮೇಲೆ, ನೇರ ಪಕ್ಕದಲ್ಲಿ ಕೊರೆಯಬೇಡಿ, ಒಳಗಿನ ಪೈಪು ಸಾಮಾನ್ಯವಾಗಿ ಅದೇ ಗೆರೆಯಲ್ಲಿ ಹೋಗಿರುತ್ತದೆ. ಗೋಡೆ ಟೊಳ್ಳು ಬ್ಲಾಕಿನದೋ ಹಗುರ ಬ್ಲಾಕಿನದೋ ಆಗಿದ್ದರೆ ಮಾಮೂಲಿ ಪ್ಲಗ್ ಹಿಡಿಯುವುದಿಲ್ಲ. ಕೆಮಿಕಲ್ ಆಂಕರ್ (ತೂತಿಗೆ ಗಟ್ಟಿಯಾಗುವ ಅಂಟು ತುಂಬಿ ಬೋಲ್ಟ್ ಕೂರಿಸುವುದು) ಬೇಕು, ಇಲ್ಲವೇ ಗೋಡೆಯ ಆಚೆ ಬದಿಗೆ ಪಟ್ಟಿ ಕೊಟ್ಟು ಬೋಲ್ಟ್ ಹಾಕಬೇಕು. ಕೊನೆಗೆ ಬುಡಕ್ಕೆ ಸುತ್ತಲೂ ಸಿಲಿಕಾನ್ ಬಳಿಸಿ. ಒಬ್ಬ ಗಟ್ಟಿ ಆಳು ಪೂರ್ತಿ ಭಾರ ಬಿಟ್ಟು ಜಗ್ಗಿ ನೋಡಿದ ಮೇಲೆಯೇ ಕೂಲಿ ಕೊಡಿ.

ಕರಾವಳಿ_ಓದು
ಬಾಡಿಗೆ ಮನೆ, ಗೋಡೆ ಕೊರೆಯುವ ಹಾಗಿಲ್ಲ. ಗಾಳಿ ಹೀರಿ ಅಂಟುವ ಹಿಡಿಕೆ ಆಗುತ್ತದೆಯೇ?

ಗಾರೆಕರಣೆ
ಬೇಡ. ಎರಡು ಟೈಲಿನ ಸಂದಿಯ ಮೇಲೆ ಬಿದ್ದರೆ, ಸೋಪಿನ ಪದರ ಇದ್ದರೆ ಗಾಳಿ ಸೋರಿ ಯಾವಾಗ ಕಳಚುತ್ತದೋ ಗೊತ್ತೇ ಆಗುವುದಿಲ್ಲ. ಬದಲಿಗೆ ಕಮೋಡಿನ ಸುತ್ತ ನೆಲಕ್ಕೆ ನಿಲ್ಲುವ ಸ್ಟೀಲ್ ಚೌಕಟ್ಟು ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ, ನಾಲ್ಕು ಕಾಲಿಗೂ ರಬ್ಬರ್ ಇರುವುದನ್ನು ನೋಡಿ ತನ್ನಿ. ಮನೆ ಬಿಡುವಾಗ ಜೊತೆಗೇ ಒಯ್ಯಬಹುದು. ನೆಲದ ಕಕ್ಕಸಾದರೆ ಅದರ ಮೇಲೆ ಇಡುವ ತೂತಿನ ಕುರ್ಚಿಯೂ ಉಂಟು.

ಬಾಗಿಲನ್ನು ಯಾರೂ ಹೇಳಲಿಲ್ಲ. ಬಚ್ಚಲ ಬಾಗಿಲು ಒಳಕ್ಕೆ ತೆರೆಯುವಂತಿದ್ದು, ಬಿದ್ದವರು ಅದರ ಹಿಂದೆಯೇ ಇದ್ದರೆ ಹೊರಗಿನವರು ದೂಡಲೂ ಆಗದು. ತಿರುಗಣೆ ಬದಲಿಸಿ ಹೊರಕ್ಕೆ ತೆರೆಯುವ ಹಾಗೆ ಮಾಡಿಸುವುದು ಬಡಗಿಗೆ ಸಣ್ಣ ಕೆಲಸ. ಒಳ ಚಿಲಕ ತೆಗೆಸಿ, ಹೊರಗಿನಿಂದ ನಾಣ್ಯ ತಿರುಗಿಸಿ ತೆರೆಯಬಹುದಾದ ಬೀಗ ಹಾಕಿಸಿ.

ಧಾರವಾಡಮಂದಿ
ನಮ್ಮ ಕಡೆ ಹಳೇ ಮನಿ ಬಚ್ಚಲದಾಗ ಶಹಾಬಾದ ಫರಸಿ ಇರತಾವ್ರಿ. ಹೊಸದಿದ್ದಾಗ ಒರಟ ಇರತಾವ, ವರ್ಷಾನಗಟ್ಟಲೆ ಕಾಲಾಡಿ ಕನ್ನಡಿ ಆಗತಾವ. ಕಿತ್ತು ಹಾಕಬೇಕಂತೇನಿಲ್ಲ. ಕಲ್ಲ ಕೆತ್ತೋರನ್ನ ಕರಸಿ ಅಲ್ಲೇ ಮ್ಯಾಲಿನ ಮೈಗೆ ಉಳಿ ಹೊಡಸ್ರಿ. ನೀರು ಮೋರಿ ಕಡೆ ಹರಿಯೂ ದಿಕ್ಕಿಗೇ ಗೆರಿ ಹೊಡಸಬೇಕ್ರಿ, ಅಡ್ಡ ಹೊಡದ್ರ ಅದರಾಗ ನೀರು ನಿಂತು ಪಾಚಿ ಕಟ್ಟತೈತಿ. ಹೊಸಾ ಟೈಲ್ಸ್ ಹಾಕಸೋರು ಮಿರಿಮಿರಿ ಅನ್ನೂದು ತರಬ್ಯಾಡ್ರಿ. ಡಬ್ಬಿ ಮ್ಯಾಲೆ ಆರ್ 11 (ಜಾರದಿರೂ ದರ್ಜೆ) ಅಂತ ಇದ್ರ ನೆಲ ಒದ್ದಿ ಇದ್ರೂ ಹಿಡಿತ ಚಲೋ ಇರತೈತಿ.

ಮಲೆನಾಡಕ್ಕ
ಎಣ್ಣೆ ಸ್ನಾನ ಮರೆಯಬೇಡಿ. ಹಬ್ಬದ ದಿನ ನೆಲಕ್ಕೆ ಬಿದ್ದ ಎಣ್ಣೆ ಮರುದಿನಕ್ಕೂ ಉಳಿದಿರುತ್ತದೆ. ಎಣ್ಣೆ ಹಚ್ಚುವುದು ಬಚ್ಚಲ ಹೊರಗೆ, ಹಳೆ ಚಾಪೆಯ ಮೇಲೆ ಕೂತು ಆಗಲಿ. ಅಂಗಾಲಿಗೆ ಎಣ್ಣೆ ಬೇಕೆಂದರೆ ರಾತ್ರಿ ಮಂಚದ ಮೇಲೆ ಹಚ್ಚಿ, ಒರೆಸಿದ ಮೇಲೇ ಕಾಲು ನೆಲಕ್ಕಿಡಲಿ. ಸ್ನಾನಕ್ಕೆ ಮಣೆ ತೀರಾ ತಗ್ಗು, ಕೂತರೆ ಏಳುವುದು ಕಷ್ಟ. ಕಾಲಿಗೆ ರಬ್ಬರ್ ಇರುವ, 16–17 ಇಂಚಿನ ಗಟ್ಟಿ ಸ್ಟೂಲು ಇರಲಿ. ಬಕೆಟ್ಟನ್ನೂ ಒಂದಡಿ ಎತ್ತರದ ಕಲ್ಲಿನ ಮೇಲಿಟ್ಟರೆ ಚೊಂಬು ಮುಳುಗಿಸಲು ಬಗ್ಗುವುದು ತಪ್ಪುತ್ತದೆ. ಹಂಡೆ ನೀರು ಸುಡುಸುಡು ಬೇಡ. ಬಿಸಿಗೆ ಮೈಯ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಸ್ನಾನ ಮುಗಿಸಿ ಏಳುವಾಗ ಕಣ್ಣು ಕತ್ತಲಿಡುವುದು ಅದಕ್ಕೇ. ಮೈ ಒರೆಸಿಕೊಳ್ಳುವುದೂ ಕೂತೇ ಆಗಲಿ. ಆಮೇಲೆ ನೆಲಕ್ಕೆ ಸೋಪಿನ ಪುಡಿ ಎರಚಿ, ಬಿಸಿನೀರು ಹಾಕಿ ಕಡ್ಡಿಪೊರಕೆಯಲ್ಲಿ ತಿಕ್ಕಿ. ತಣ್ಣೀರಿಗೆ ಎಣ್ಣೆ ಬಿಡುವುದಿಲ್ಲ.

ಬಚ್ಚಲು ಮನೆಯ ಹೊರಗಿರುವ ಕಡೆ ಮಳೆಗಾಲದ ಹಾವಸೆಯೇ ದೊಡ್ಡ ಶತ್ರು. ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವ ಪದ್ಧತಿ ಒಳ್ಳೆಯದು, ಆದರೆ ನಯವಾದ ಬೆನ್ನು ಮೇಲೆ ಬಂದರೆ ದಬ್ಬೆಯೇ ಜಾರುತ್ತದೆ. ಕಲ್ಲು ಹಾಸಿಗೆ ಬ್ಲೀಚಿಂಗ್ ಪುಡಿ ಎರಚಿ, ಅರ್ಧ ಗಂಟೆ ಬಿಟ್ಟು ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಬೇಕು. ಅದರ ಜೊತೆ ಟಾಯ್ಲೆಟ್ ಆ್ಯಸಿಡ್ ಸೇರಿಸಬಾರದು, ವಿಷದ ಗಾಳಿ ಬರುತ್ತದೆ. ಮಳೆ ಹಿಡಿದ ತಿಂಗಳುಗಳಲ್ಲಿ ಹಿರಿಯರಿಗೆ ರಾತ್ರಿ ಕೋಣೆಯಲ್ಲೇ ಯೂರಿನಲ್ ಬಾಟಲಿಯೋ ಕಮೋಡ್ ಕುರ್ಚಿಯೋ ಇಟ್ಟುಬಿಡುವುದು ಒಳ್ಳೆಯದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ವಾರ್ಡ್_ಸಿಸ್ಟರ್
ರಾತ್ರಿ ಏಳುವ ಸಲಗಳನ್ನೇ ಕಡಿಮೆ ಮಾಡಬಹುದು. ಸಂಜೆ ಪಾದ ಊದುವವರಲ್ಲಿ ಆ ನೀರು ಮಲಗಿದ ಮೇಲೆ ರಕ್ತಕ್ಕೆ ಮರಳಿ ಮೂತ್ರವಾಗಿ ಇಳಿಯುತ್ತದೆ. ಮಧ್ಯಾಹ್ನ ಮೂರರ ಮೇಲೆ ಒಂದು ಗಂಟೆ ದಿಂಬಿನ ಮೇಲೆ ಕಾಲೆತ್ತಿ ಮಲಗಿದರೆ ಆ ನೀರು ಹಗಲಲ್ಲೇ ಹೋಗುತ್ತದೆ. ಊತ ಹೊಸದಾಗಿದ್ದರೆ, ಜೊತೆಗೆ ಏದುಸಿರು ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ಕಾಫಿ ಸಂಜೆ ನಾಲ್ಕಕ್ಕೆ ಕೊನೆ. ನೀರು ಮಾತ್ರ ಕಡಿಮೆ ಕುಡಿಯಬೇಡಿ, ಹಗಲಲ್ಲಿ ಕುಡಿದು ಮುಗಿಸಿ. ನೀರಿಲ್ಲದೆ ಒಣಗಿದರೆ ಬಿಪಿ ಕುಸಿತ ಇನ್ನೂ ಹೆಚ್ಚು.

ಪಂಚೆ, ನೈಟಿ, ಸೀರೆ ಕಣಕಾಲಿಗಿಂತ ಎರಡು ಇಂಚು ಮೇಲಿರಲಿ. ಹವಾಯಿ ಚಪ್ಪಲಿ ಮನೆಯೊಳಗೆ ಬೇಡ. ಬೆರಳು ಬಿಗಿದು ಹಿಡಿದು ಎಳೆದುಕೊಂಡು ನಡೆಯಬೇಕಾಗುತ್ತದೆ, ಒದ್ದೆಯಾದರೆ ಕಾಲೇ ಜಾರಿ ಆಚೆ ಬರುತ್ತದೆ. ಹಿಂದೆ ಪಟ್ಟಿ ಇರುವ, ತೆಳು ಗಟ್ಟಿ ಅಟ್ಟೆಯದು ಒಳ್ಳೆಯದು. ಬರೀ ಸಾಕ್ಸ್ ಹಾಕಿ ಟೈಲಿನ ಮೇಲೆ ನಡೆಯುವುದು ಎಲ್ಲಕ್ಕಿಂತ ಕೆಟ್ಟದ್ದು.

ಓದುಗ_ಮೈಸೂರು
ನೆಲದ ಮೇಲೆ ಕೂರುವುದನ್ನು ಪೂರ್ತಿ ಬಿಡಿಸಬೇಕೇ? ಪೂಜೆಗೆ, ಊಟಕ್ಕೆ ಕೂತೇ ಅಭ್ಯಾಸ.

ವಾರ್ಡ್_ಸಿಸ್ಟರ್
ಬಿಡಿಸುವುದೇ ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ. ಏಳುವಾಗ ಬೀಳುವುದೇ ಹೆಚ್ಚು.

ನಡಿಗೆ_ಫಿಸಿಯೋ
ಸಿಸ್ಟರ್, ಇಲ್ಲಿ ನಾನು ಒಪ್ಪುವುದಿಲ್ಲ. ಸೊಂಟದ ಕೀಲು ಬದಲಿಸಿದವರು, ಮಂಡಿ ತೀರಾ ಸವೆದವರು ಬಿಡಬೇಕು ನಿಜ. ಇನ್ನೂ ಕೂತೇಳಬಲ್ಲವರು ಬಿಟ್ಟರೆ ಬರಬರುತ್ತಾ ಆ ಶಕ್ತಿಯೇ ಹೋಗುತ್ತದೆ, ಆಮೇಲೆ ಬಿದ್ದ ದಿನ ನೆಲದಿಂದೇಳಲು ದಾರಿಯಿಲ್ಲ. ಏಳುವ ರೀತಿ ಬದಲಿಸಿ: ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಎದುರಿಗೆ ಗಟ್ಟಿ ಕುರ್ಚಿ ಇಟ್ಟು ಎರಡೂ ಕೈ ಅದರ ಮೇಲೆ ಊರಿ, ಬಲವಾದ ಕಾಲಿನ ಪಾದವನ್ನು ಮುಂದಿಟ್ಟು, ಮೇಲಕ್ಕೆ ತಳ್ಳಿ, ತಿರುಗಿ ಕುರ್ಚಿಯಲ್ಲಿ ಕೂರಬೇಕು. ದಿನಕ್ಕೊಮ್ಮೆ, ಜೊತೆಯಲ್ಲಿ ಒಬ್ಬರಿದ್ದಾಗ.

ವಾರ್ಡ್_ಸಿಸ್ಟರ್
ಜೊತೆಯಲ್ಲಿ ಒಬ್ಬರು ಅನ್ನುವ ಷರತ್ತಿನೊಂದಿಗೆ ಒಪ್ಪಿದೆ.

ಬಿದ್ದ ಮೇಲಿನ ಮಾತು ನಾನು ಹೇಳಬೇಕು. ಬಿದ್ದವರನ್ನು ಕಂಕುಳಿಗೆ ಕೈ ಹಾಕಿ ತಕ್ಷಣ ಎತ್ತಬೇಡಿ. ಒಂದು ಕಾಲು ಗಿಡ್ಡವಾಗಿ ಕಂಡು ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿದೆ ಅಂತಲೇ ತಿಳಿಯಿರಿ. ಎಣ್ಣೆ ಹಚ್ಚಿ ನೀವಬೇಡಿ, ಎಳೆಯಬೇಡಿ, ನಿಲ್ಲಿಸಿ ನೋಡಬೇಡಿ. ತಿನ್ನಲು ಕುಡಿಯಲು ಕೊಡದೆ, ಹೊದಿಕೆ ಹೊದಿಸಿ 108ಕ್ಕೆ ಕರೆ ಮಾಡಿ. ಇಂಥ ಯಾವ ಗುರುತೂ ಇಲ್ಲ, ನೋವಿಲ್ಲ ಅಂದರೆ ಮೇಲೆ ಹೇಳಿದ ಕುರ್ಚಿಯ ಕ್ರಮದಲ್ಲೇ ಅವರೇ ಏಳಲಿ.

ತಲೆಗೆ ಪೆಟ್ಟಾಗಿದ್ದು, ವಾರ್ಫರಿನ್, ಅಸಿಟ್ರಾಮ್, ಕ್ಲೋಪಿಡೋಗ್ರೆಲ್ ಥರದ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆರಾಮಾಗಿ ಮಾತಾಡುತ್ತಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಮಿದುಳಿನ ಮೇಲೆ ರಕ್ತ ನಿಧಾನವಾಗಿ ಕಟ್ಟಿಕೊಂಡು ಎರಡು ಮೂರು ವಾರದ ಮೇಲೂ ಮಂಕು, ತಲೆನೋವು, ಒಂದು ಬದಿ ಎಳೆತ ಕಾಣಿಸಬಹುದು. "ವಯಸ್ಸಿಗೆ ಮರೆವು ಶುರುವಾಯ್ತು" ಅಂತ ಸುಮ್ಮನಾಗುವುದು ಇಲ್ಲಿ ಆಗುವ ದೊಡ್ಡ ತಪ್ಪು.

ಒಬ್ಬರೇ ಇರುವವರು ಫೋನನ್ನು ಮೇಜಿನ ಮೇಲಲ್ಲ, ಕುತ್ತಿಗೆಯ ಚೀಲದಲ್ಲಿ ಇಟ್ಟುಕೊಳ್ಳಲಿ. ನೆಲಕ್ಕೆ ಬಿದ್ದವರ ಕೈಗೆ ಮೇಜು ಎಟುಕುವುದಿಲ್ಲ.

ಮಾತ್ರೆಚೀಟಿ
ವಿಟಮಿನ್ ಡಿ ಬಗ್ಗೆ ಎಚ್ಚರಿಕೆ. 60,000 ಯೂನಿಟ್‌ನ ಪುಡಿಯೋ ಗುಳಿಗೆಯೋ ಸಾಮಾನ್ಯವಾಗಿ ವಾರಕ್ಕೊಂದು, ವೈದ್ಯರು ಹೇಳಿದಷ್ಟು ವಾರ ಮಾತ್ರ. ದಿನಕ್ಕೊಂದು ಅಂತ ತಪ್ಪು ತಿಳಿದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಗೊಂದಲ, ಮೂತ್ರಪಿಂಡದ ತೊಂದರೆ. ಹೆಚ್ಚು ತಿಂದರೆ ಮೂಳೆ ಹೆಚ್ಚು ಗಟ್ಟಿ ಅನ್ನುವುದೂ ಸುಳ್ಳು. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟ ಅಧ್ಯಯನದಲ್ಲಿ, 2010ರಲ್ಲಿ ಪ್ರಕಟವಾದದ್ದು, ಬೀಳುವುದೂ ಮೂಳೆ ಮುರಿತವೂ ಹೆಚ್ಚಾದವು.

ಸ್ನಾಯುವಿಗೆ ಬೇಕಾದ್ದು ಪ್ರೋಟೀನ್. ಮೂತ್ರಪಿಂಡದ ಕಾಯಿಲೆ ಇಲ್ಲದ ಹಿರಿಯರಿಗೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ, ಅಂದರೆ 55 ಕಿಲೋದವರಿಗೆ 55–66 ಗ್ರಾಂ. ಹಲ್ಲಿಲ್ಲವೆಂದು ಬರೀ ತಿಳಿಸಾರು-ಅನ್ನಕ್ಕೆ ಇಳಿದವರಿಗೆ ಇದರ ಅರ್ಧವೂ ಸಿಗುವುದಿಲ್ಲ. ಸಾರಿನ ತಿಳಿ ಬಿಟ್ಟು ಅಡಿಯ ಬೇಳೆ ಕಲಸಿ ಕೊಡಿ, ಒಂದು ಮೊಟ್ಟೆಗೆ 6 ಗ್ರಾಂ, ಒಂದು ಲೋಟ ಹಾಲಿಗೆ 6–7 ಗ್ರಾಂ. ಕ್ಯಾಲ್ಸಿಯಂಗೆ ರಾಗಿ ಇದ್ದೇ ಇದೆ, 100 ಗ್ರಾಂ ಹಿಟ್ಟಿಗೆ ಸುಮಾರು 350 ಮಿ.ಗ್ರಾಂ.

ಕರಾವಳಿ_ಓದು
ಊರುಗೋಲು ಯಾವ ಕೈಯಲ್ಲಿ? ಅಂಗಡಿಯಲ್ಲಿ ಎತ್ತರ ಹೇಗೆ ನೋಡುವುದು?

ನಡಿಗೆ_ಫಿಸಿಯೋ
ನೋವಿನ ಕಾಲಿನ ಎದುರು ಕೈಯಲ್ಲಿ. ಬಲ ಮಂಡಿ ನೋವಾದರೆ ಎಡಗೈ, ಬಲಗಾಲೂ ಕೋಲೂ ಒಟ್ಟಿಗೆ ಮುಂದೆ. ದಿನಾ ಹಾಕುವ ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಕೋಲಿನ ಹಿಡಿ ಸಮವಾಗಿರಬೇಕು. ಉದ್ದವಾದರೆ ಹೆಗಲು ಮೇಲೇಳುತ್ತದೆ, ಗಿಡ್ಡವಾದರೆ ಮುಂದಕ್ಕೆ ಬಾಗುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಓದುವುದಕ್ಕೂ ದೂರಕ್ಕೂ ಒಂದೇ ಕನ್ನಡಕ ಇರುವವರು ಇಳಿಯುವಾಗ ಗದ್ದವನ್ನು ಎದೆಗೆ ತಂದು ಗಾಜಿನ ಮೇಲ್ಭಾಗದಿಂದ ನೋಡಬೇಕು. ಕೆಳಗಿನ ಓದುವ ಗಾಜಿನಲ್ಲಿ ಮೆಟ್ಟಿಲಿನ ಅಂಚು ಮಸುಕಾಗುತ್ತದೆ.

ಕೋಲಿನ ತುದಿಯ ರಬ್ಬರನ್ನು ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ಒಳಗಿನ ಉಂಗುರದ ಗೆರೆಗಳು ಸವೆದು ನುಣುಪಾಗಿದ್ದರೆ, ಒಂದು ಬದಿ ಓರೆಯಾಗಿದ್ದರೆ ಬದಲಿಸಿ. ಕೊಳ್ಳಲು ಹೋಗುವಾಗ ಕೋಲನ್ನೇ ಒಯ್ಯಿರಿ, ತುದಿಯ ದಪ್ಪ ಬೇರೆ ಬೇರೆ ಇರುತ್ತದೆ. ಸಡಿಲವಾದ ರಬ್ಬರಿಗೆ ಕಾಗದ ತುರುಕಿ ಕೂರಿಸಬೇಡಿ, ಒದ್ದೆಯಾದಾಗ ಅದು ಕಳಚಿಕೊಳ್ಳುತ್ತದೆ.

ಮಲೆನಾಡಕ್ಕ
ಬಿದಿರಿನ ಕೋಲು ಬಳಸುವವರು?

ನಡಿಗೆ_ಫಿಸಿಯೋ
ಸೀಳಿಲ್ಲದ ಗಟ್ಟಿ ಬಿದಿರಾದರೆ ಆಗಬಹುದು ಅಕ್ಕ. ಮೇಲಿನ ಅಳತೆಗೇ ಕತ್ತರಿಸಿ, ತುದಿಗೆ ಹೊಂದುವ ರಬ್ಬರ್ ಹಾಕಿಸಿ, ಮೇಲೆ ಅಂಗೈ ಪೂರ್ತಿ ಊರುವಂಥ ಅಡ್ಡಹಿಡಿ ಕೂರಿಸಿ. ಹಿಡಿಯಿಲ್ಲದ ನೆಟ್ಟನೆ ಕೋಲಿನ ಮೇಲೆ ಭಾರ ಹಾಕಿದರೆ ಕೈ ಕೆಳಕ್ಕೆ ಜಾರುತ್ತದೆ.